ಇಮಾಮಬಿಗೆ ಬಿಸಿಗಾಳಿ

ಮುಂಬೈಯಲ್ಲಿ ಕಾರಿನ ಹೀಟರ್ ಎಂದರೆ ಮದುವೆ ಮನೆಯ ಮೂಲೆಯಲ್ಲಿ ಕುಳಿತ ದೂರದ ನೆಂಟನ ಹಾಗೆ. ಇದ್ದರೂ ಯಾರೂ ಮಾತನಾಡಿಸುವುದಿಲ್ಲ, ಎದ್ದು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಆಂಟಾಪ್ ಹಿಲ್‌ನ ಮೆಕ್ಯಾನಿಕ್ ಬಾಷಾ ಎಷ್ಟೋ ಕಾರುಗಳಿಂದ ಈ ನೆಂಟನನ್ನು ಸದ್ದಿಲ್ಲದೆ ಎಬ್ಬಿಸಿ ಕಳಿಸಿದ್ದ. ಹೀಟರಿನ ಪೈಪು ಸೋರಿತೋ, ಹೊಸದು ತರುವ ಗೋಜೇ ಇಲ್ಲ. ಇಂಜಿನ್ನಿನಿಂದ ಬಿಸಿನೀರು ಬರುವ ಬಾಯಿಗೂ ಅದು ವಾಪಸು ಹೋಗುವ ಬಾಯಿಗೂ ಒಂದು ತುಂಡು ಪೈಪು ಸಿಕ್ಕಿಸಿ ತಂತಿ ಬಿಗಿದುಬಿಡುವುದು. ಇಂಜಿನ್ ಕಾದರೆ ಥರ್ಮೋಸ್ಟಾಟ್ ಕಿತ್ತೆಸೆಯುವುದು. ನೀರು ಕಾಯುವ ತನಕ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಆ ಪುಟ್ಟ ವಾಲ್ವು ಚಳಿ ದೇಶದವರ ಚಟ ಎಂದು ಅವನ ವಾದ. "ಮುಂಬೈನ್ಯಾಗ ಇಂಜಿನ್ ತಂಪಿರಬೇಕು, ಮೆಕ್ಯಾನಿಕನ ತಲಿ ತಂಪಿರಬೇಕು" ಎನ್ನುತ್ತಿದ್ದ. ಅವನ ತಲೆ ತಂಪಾಗಿದ್ದುದನ್ನು ಕಂಡವರು ಯಾರೂ ಇಲ್ಲ, ಆ ಮಾತು ಬೇರೆ.

ಸಿಂದಗಿಯ ಒಂದೇ ಓಣಿಯಲ್ಲಿ ಬೆಳೆದು, ಮದುವೆಯಾಗಿ ಈ ಊರಿಗೆ ಬಂದವರು ಬಾಷಾ ಮತ್ತು ಇಮಾಮಬಿ. ಅವಳ ಎರಡೂ ಕಿಡ್ನಿಗಳು ಕೈಕೊಟ್ಟ ಮೇಲೆ ವಿಕ್ರೋಳಿಯ ಡಯಾಲಿಸಿಸ್ ಕೇಂದ್ರವೇ ಅವರ ಎರಡನೆಯ ಮನೆಯಾಯಿತು. ಯಂತ್ರದಿಂದ ಇಳಿದು ಬಂದ ಇಮಾಮಬಿಗೆ ಮೇ ತಿಂಗಳ ಬಿಸಿಲಿನಲ್ಲೂ ಹಲ್ಲು ಕಟಕಟ ಎನ್ನುವಷ್ಟು ಚಳಿ. ಹೃದಯವೂ ಸೋತಿದೆ, ಇನ್ನು ಬಹಳ ದಿನ ತಡೆಯಲಾರದು ಎಂದು ಡಾಕ್ಟರು ಬಾಷಾನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಬಾಷಾ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಚಳಿಯೊಂದು ಹೋದರೆ ಇವಳು ಎದ್ದು ಓಡಾಡುತ್ತಾಳೆ ಎಂದು ಹಟ ಹಿಡಿದವನಂತೆ ನಂಬಿದ.

ಅದಕ್ಕೇ ಅವನು ಹಳೆಯ ಗಿರಾಕಿ ನೀಲಕಂಠಪ್ಪನವರು ಗುಜರಿಗೆ ಹಾಕಲಿದ್ದ ಸಣ್ಣ ಕಾರನ್ನು ಕೇಳಿ ತಂದು ರಿಪೇರಿ ಮಾಡಿದ. ಮೊದಲ ದಿನ ಅವಳನ್ನು ಮುಂದೆ ಕೂರಿಸಿ, ಕಿಟಕಿ ಏರಿಸಿ, ಹೀಟರ್ ಗುಂಡಿಯನ್ನು ಕೊನೆಯ ತನಕ ತಿರುಗಿಸಿದ. ಬಂದದ್ದು ತಣ್ಣನೆಯ ಗಾಳಿ.

"ಇದೇನ್ರೀ, ಹೀಟರೋ ಕುಲ್ಫಿ ಗಾಡಿನೋ?" ಎಂದಳು ಇಮಾಮಬಿ, ಕೌದಿಯೊಳಗೆ ಮುದುಡಿಕೊಳ್ಳುತ್ತ.

ಮರುದಿನ ಬಾನೆಟ್ ಎತ್ತಿದ. ಇಂಜಿನ್ ತಂಪಿಡುವ ಕೂಲಂಟ್ ನೀರು ಸರಿಯಾಗಿತ್ತು. ಒಳಗೆ ಕೈ ಹಾಕಿ ಹೀಟರಿನ ಪೈಪು ಹುಡುಕಿದರೆ, ಅಲ್ಲೊಂದು ತುಂಡು ಪೈಪು, ಅದಕ್ಕೆ ಎಡಕ್ಕೆ ತಿರುಚಿದ ತಂತಿ. ಹಾಗೆ ತಿರುಚುವವನು ಇಡೀ ಆಂಟಾಪ್ ಹಿಲ್‌ನಲ್ಲಿ ಒಬ್ಬನೇ. ತಾನು ತೋಡಿದ ಗುಂಡಿಗೆ ತಾನೇ ಬಿದ್ದವನ ಹಾಗೆ ಆಗಿತ್ತು ಬಾಷಾನ ಪಾಡು. ಆಮೇಲೆ ತನಗೇ ಒಂದು ಬೈಗುಳ ಬೈದುಕೊಂಡು, ಹೊಸ ಪೈಪುಗಳನ್ನು ಹೀಟರಿಗೆ ಜೋಡಿಸಿ, ಇಂಜಿನ್ ಕಾಯಿಸಿ, ಎರಡೂ ಪೈಪು ಮುಟ್ಟಿ ನೋಡಿದ. ಒಂದು ಸುಡುತ್ತಿತ್ತು, ಇನ್ನೊಂದು ತಣ್ಣಗಿತ್ತು. ಒಂದು ಬಿಸಿ ಒಂದು ತಣ್ಣಗೆ ಎಂದರೆ ನಡುವೆ ಕಟ್ಟಿಕೊಂಡಿದೆ, ಹರಿವು ನಿಂತಿದೆ ಎಂದರ್ಥ. ಹೀಟರಿಗೆ ಹಿಂದುಮುಂದಾಗಿ ನೀರು ಬಿಟ್ಟು ತೊಳೆದ. ವರ್ಷಗಟ್ಟಲೆಯ ತುಕ್ಕು ಕೆಂಪಗೆ ಇಳಿದು ಹೋಯಿತು.

ನಿಂತ ಕಾರಿನಲ್ಲಿ ಗಾಳಿ ಬೆಚ್ಚಗಾಯಿತು; ಹೈವೇಗೆ ಬಿದ್ದೊಡನೆ ಮತ್ತೆ ತಣ್ಣಗೆ. ಇಂಜಿನ್ನೇ ಕಾಯುತ್ತಿಲ್ಲ! ಥರ್ಮೋಸ್ಟಾಟ್ ಎಲ್ಲಿ? ಅದನ್ನೂ ಕಿತ್ತೆಸೆದವನು ಇವನೇ ತಾನೆ.

ಕುರ್ಲಾದ ಗುಜರಿ ಅಂಗಡಿಯ ಧನರಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಾಷಾಭಾಯ್, ಮೇ ತಿಂಗಳಾಗ ಹೀಟರ್? ದಿಮಾಗ್ ಠೀಕ್ ಅದ ಇಲ್ಲೋ?"

"ಮನ್ಯಾಕಿಗೆ ಥಂಡಿ ಬಾಳ ಆಗೇದಪಾ" ಎಂದ ಬಾಷಾ. ಧನರಾಜ್ ನಗು ನಿಲ್ಲಿಸಿ, ಗುಜರಿಯೆಲ್ಲ ಜಾಲಾಡಿ, ಒಂದು ಥರ್ಮೋಸ್ಟಾಟ್ ತಂದು ಕೈಯಲ್ಲಿಟ್ಟ.

ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಬಾಷಾ ಮನೆಯಲ್ಲಿ ಚಹಾದ ಪಾತ್ರೆಗೇ ಹಾಕಿ ಕುದಿಸಿದ. ಮಲಗಿದ್ದ ಇಮಾಮಬಿ ಮೊಣಕೈ ಊರಿ ಇಣುಕಿದಳು. "ನನಗಂತೂ ಡಾಕ್ಟರು ಚಾ ಬಂದ್ ಮಾಡ್ಯಾರ. ಅದಕ್ಕಾದ್ರೂ ಕುಡಸ್ರಿ."

ನೀರು ಕುದಿಯುತ್ತಲೇ ವಾಲ್ವು ಮೆಲ್ಲಗೆ ಬಾಯಿ ತೆರೆಯಿತು. "ಕುಡೀತು ನೋಡ್ರಿ!" ಎಂದು ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ಆ ನಗುವಿಗೆ ಬಾಷಾ ಹಿಗ್ಗಿಹೋದ. ರೋಗವೇ ಅರ್ಧ ಇಳಿಯಿತು ಎಂದುಕೊಂಡ, ಪಾಪ.

ಮುಂದಿನ ಡಯಾಲಿಸಿಸ್ ಮುಗಿಸಿ ಹೊರಟಾಗ ಮಟಮಟ ಮಧ್ಯಾಹ್ನ. ಕಿಟಕಿಗಳೆಲ್ಲ ಮುಚ್ಚಿದ್ದವು. ಹೈವೇಯಲ್ಲೂ ಹೀಟರ್ ಬೆಂಕಿಯಂಥ ಗಾಳಿ ಉಗುಳಿತು. ಬಾಷಾನ ಅಂಗಿ ಮೈಗೆ ಅಂಟಿತು, ಬೆವರು ಕಣ್ಣಿಗೆ ಇಳಿಯಿತು. ಜೀವಮಾನದಲ್ಲಿ ಯಾವ ರಿಪೇರಿಯೂ ಅವನಿಗೆ ಇಷ್ಟು ಸುಖ ಕೊಟ್ಟಿರಲಿಲ್ಲ.

"ಆತ್ರೀ, ಬೆಚ್ಚಗಾತು" ಎಂದಳು ಇಮಾಮಬಿ. "ಬಂದ್ ಮಾಡ್ರಿ ಇನ್ನ."

"ಖರೇನ ಬೆಚ್ಚಗಾತೇನು?"

"ಹೂಂ ಅಂದ್ನೆಲ್ರೀ. ಸೆಕಿ ಆಗಾಕತ್ತೈತಿ."

ಸಿಗ್ನಲ್ ಬಿತ್ತು. ಬಾಷಾ ಖುಷಿಯಿಂದ ಕೌದಿಯೊಳಗೆ ಕೈ ಹಾಕಿ ಅವಳ ಬೆರಳು ಹಿಡಿದ. ಮಂಜುಗಡ್ಡೆಯ ಹಾಗಿದ್ದವು. ಇನ್ನೊಂದು ಕೈಯನ್ನು ಗಾಳಿ ಬರುವ ಕಿಂಡಿಗೆ ಒಡ್ಡಿದ, ಸುಟ್ಟಿತು. ಕಾರಿನಲ್ಲಿ ಈಗ ಯಾವ ದೋಷವೂ ಇರಲಿಲ್ಲ. ಒಂದು ಬಿಸಿ, ಒಂದು ತಣ್ಣಗೆ. ಡಾಕ್ಟರು ಹೇಳಿದಾಗ ಒಳಗಿಳಿಯದಿದ್ದ ಮಾತು ಈಗ ಅವನ ಎರಡು ಕೈಗಳಿಂದ ಎದೆಗೆ ಇಳಿಯಿತು. ಗಂಡ ಬೇಯುವುದನ್ನು ನೋಡಲಾರದೆ ಹೆಂಡತಿ ಸುಳ್ಳು ಹೇಳಿದ್ದಳು.

ಅವನು ಹೀಟರ್ ಬಂದ್ ಮಾಡಲಿಲ್ಲ, ಅವಳ ಕೈಯನ್ನೂ ಬಿಡಲಿಲ್ಲ. ಸಿಗ್ನಲ್ ಹಸಿರಾಗಿ ಹಿಂದಿನವರೆಲ್ಲ ಹಾರ್ನ್ ಬಾರಿಸಿದರೂ ಗೇರು ಹಾಕಲಾಗಲಿಲ್ಲ. ಇಮಾಮಬಿ ಸೆರಗಿನ ತುದಿಯಿಂದ ಅವನ ಕೆನ್ನೆ ಒರೆಸಿದಳು.

"ನೋಡ್ರಿ, ಎಷ್ಟ್ ಬೆವತೀರಿ" ಎಂದಳು.