ಹಾಲು ಆರುವಷ್ಟೂ ತಾಳ್ಮೆಯಿಲ್ಲದ ಮಾಸ್ತರು

ಸೀತಾರಾಮ ಮಾಸ್ತರಿಗೆ ವಿಜ್ಞಾನ ಗೊತ್ತಿಲ್ಲ ಎಂದು ನಾನು ಹೇಳುವುದಿಲ್ಲ. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಅದನ್ನೇ ಕಲಿಸಿದವರು, ನನಗೂ ಕಲಿಸಿದವರು. ರಿಟೈರಾದ ಮೇಲೆ, ತಕ್ಕಡಿ ಯಾಕೆ ವಾಲುತ್ತದೆ, ದೋಣಿ ಯಾಕೆ ತೇಲುತ್ತದೆ ಎಂದು ಆರ್ಕಿಮಿಡೀಸನಿಂದ ಹಿಡಿದು ಹಳಬರು ಬರೆದಿಟ್ಟದ್ದನ್ನೆಲ್ಲ ಕನ್ನಡಕ್ಕೆ ತಂದು ಏಳು ನೋಟ್‌ಬುಕ್ ತುಂಬಿಸಿದರು. ಅದನ್ನು ಟೈಪ್ ಮಾಡುವ ಕರ್ಮ ಶಿರಸಿ ಬಸ್ ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ ಇಟ್ಟ ನನಗೆ ಬಂತು. ಒಂದು ಒತ್ತಕ್ಷರ ತಪ್ಪಿದರೂ ಸಾಕು, ಶಿವರಂಜನಿ, ನಿನ್ನ ತಲೆಯಲ್ಲಿ ಎಂತ ತುಂಬಿದೆ ಎಂದು ಗಿರಾಕಿಗಳ ಎದುರೇ ಕೇಳುತ್ತಿದ್ದರು.

ಅದೇ ವರ್ಷ ನಮ್ಮೂರ ಹಾಲಿನ ಸೊಸೈಟಿಯವರು ಹಾಲು ಪರೀಕ್ಷೆಗೆ ಅವರನ್ನು ಕೂರಿಸಿದರು. ಮೊದಲಿದ್ದ ಮಂಜಪ್ಪ ಓದಿದ್ದು ನಾಲ್ಕನೇ ಕ್ಲಾಸು. ಆದರೆ ನಮ್ಮವ್ವ ಗುರುಶಾಂತವ್ವ ಬಂದರೆ "ಆರಲಿ ಬಿಡಬೇ" ಎಂದು ಅವಳ ಪಾತ್ರೆ ಪಕ್ಕಕ್ಕಿಟ್ಟು, ಎಲ್ಲರದ್ದೂ ಮುಗಿದ ಮೇಲೆ ನೋಡುತ್ತಿದ್ದ. ನಮ್ಮ ಮನೆ ಸೊಸೈಟಿಯ ಬೆನ್ನಿಗೇ ಇದೆ. ಬೇರೆಯವರು ಮೈಲಿ ನಡೆದು ಬರುವಷ್ಟರಲ್ಲಿ ಹಾಲು ಆರಿರುತ್ತದೆ. ಅವ್ವ ಕರೆದ ಹಾಲನ್ನು ನೊರೆ ಇಳಿಯುವ ಮೊದಲೇ ತಂದಿಡುತ್ತಾಳೆ. ಅದೇ ಅವಳ ಜಂಬ.

ಮಾಸ್ತರಿಗೆ ಕಾಯುವ ಪುರುಸೊತ್ತೆಲ್ಲಿ? ಬಿಸಿ ಹಾಲಿಗೇ ಲ್ಯಾಕ್ಟೋಮೀಟರ್ ಇಳಿಬಿಟ್ಟರು. ಆ ಗಾಜಿನ ಕೊಳವೆ ನೀರು ಬೆರೆಸಿದ ಹಾಲಿನಲ್ಲಿ ಹೆಚ್ಚು ಮುಳುಗುತ್ತದೆ. ಅವ್ವನ ಹಾಲಿನಲ್ಲಿ ಮೂರು ದಿನವೂ ಹಾಗೇ ಮುಳುಗಿತು. ನಾಲ್ಕನೇ ದಿನ ಸೊಸೈಟಿ ಬಾಗಿಲಿಗೆ ಚೀಟಿ: ನೀರು ಬೆರೆಸಿದ್ದರಿಂದ ಗುರುಶಾಂತವ್ವನ ಹಾಲು ತೆಗೆದುಕೊಳ್ಳುವುದಿಲ್ಲ. ಕೆಳಗೆ ಮಾಸ್ತರ ಸಹಿ.

"ಆಕಳ ಮೈ ಮುಟ್ಟಿ ಆಣಿ ಮಾಡ್ತೇನಿ ಅಂದೆ. ನಕ್ಕಬಿಟ್ರು," ಎಂದಳು ಅವ್ವ. ಆಮೇಲೆ ಸೊಸೈಟಿ ಮುಂದೆ ಹಾಯುವುದನ್ನೇ ಬಿಟ್ಟಳು.

ಐದನೇ ನೋಟ್‌ಬುಕ್ಕಿನಲ್ಲಿ ಆ ಸಾಲು ಸಿಕ್ಕಿತು, ಅವರದೇ ಮುತ್ತಿನಂಥ ಅಕ್ಷರದಲ್ಲಿ: ದ್ರವ ಬಿಸಿಯಾದರೆ ಹಗುರಾಗುತ್ತದೆ, ತೇಲುವ ವಸ್ತು ಅದರಲ್ಲಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಆರಿಸದೆ ಅಳೆಯಬಾರದು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅನ್ನುತ್ತಾರಲ್ಲ, ಇದೇ.

ಮಾಸ್ತರು ಪ್ರೂಫ್ ನೋಡಲು ಬಂದಾಗ ಆ ಪುಟದ ಪ್ರಿಂಟ್ ಮುಂದಿಟ್ಟೆ. ಅವ್ವನ ಹಾಲು ಆರಿಸಿ ಇನ್ನೊಂದು ಸಲ ನೋಡಿ, ಚೀಟಿ ತೆಗೆಯಿರಿ ಎಂದೆ. ಓದಿದರು. ಕಿವಿ ಕೆಂಪಾಯಿತು. ಇನ್ನು ಒಪ್ಪಿಕೊಳ್ಳುತ್ತಾರೆ ಎಂದುಕೊಂಡ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ. ಕೆಂಪು ಪೆನ್ನು ತೆಗೆದು ಆ ಸಾಲುಗಳ ಮೇಲೆ ಗೀಟು ಎಳೆದರು, ಅಂಚಿನಲ್ಲಿ 'ಇದು ಬೇಡ' ಎಂದು ಬರೆದು ಸಹಿ ಹಾಕಿದರು. ತಿದ್ದಿದ ಪುಟಕ್ಕೆಲ್ಲ ಸಹಿ ಹಾಕುವುದು ಅವರ ಪದ್ಧತಿ.

"ಅದು ಸುಳ್ಳಾ, ಮಾಸ್ತರೇ?" ಎಂದು ಕೇಳಿದೆ.

"ಪುಸ್ತಕ ನನ್ನದು. ಹೇಳಿದಷ್ಟು ಮಾಡು," ಎಂದರು.

ಮಾಡಿದೆ. ಕಂಪ್ಯೂಟರಿನಿಂದ ಆ ಸಾಲು ತೆಗೆದೆ. ಕೆಂಪು ಗೀಟಿನ ಹಾಳೆಯನ್ನು ಮಾತ್ರ ಮನೆಗೆ ಒಯ್ದು, ಮರುದಿನ ಬೆಳಿಗ್ಗೆ ಸೊಸೈಟಿ ಬಾಗಿಲಲ್ಲಿ ಅವ್ವನ ಹೆಸರಿನ ಚೀಟಿಯ ಪಕ್ಕದಲ್ಲೇ ಅಂಟಿಸಿದೆ. ಎರಡರಲ್ಲೂ ಒಂದೇ ಸಹಿ. ಮೊದಲು ಬಂದ ಮಂಜಪ್ಪ ಬೆರಳಿಟ್ಟು, ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಸಾಲಿನಲ್ಲಿ ನಿಂತವರು ಪಾತ್ರೆ ಕೆಳಗಿಟ್ಟು ಕೇಳಿದರು. ನಾನು ಓಡಿಹೋಗಿ, ಆಗಷ್ಟೇ ಹಾಲು ಕರೆದ ಅವ್ವನನ್ನು ಪಾತ್ರೆ ಸಮೇತ ಕರೆತಂದೆ.

ಮಾಸ್ತರು ಸ್ಕೂಟರ್ ನಿಲ್ಲಿಸಿ, ಬಾಗಿಲು ನೋಡಿ, ಸ್ಕೂಟರ್ ತಿರುಗಿಸಹೋದರು. ಅವ್ವ ನೊರೆಹಾಲಿನ ಪಾತ್ರೆಯನ್ನು ಅವರ ಗಾಲಿಯ ಮುಂದೆಯೇ ಇಟ್ಟಳು.

"ಹಾಲು ಆರೂತನಾ ನಿಂದರ್ರಿ, ಮಾಸ್ತರ."