ರಕ್ತ ನಿಂತಿತು ಅಂದವರು

ಮೊದಲು ನಿಲ್ಲದೆ ಹೋದದ್ದು ಉಂಬಳ ಕಚ್ಚಿದ ಗಾಯದ ರಕ್ತ.

ನಮ್ಮ ಬಾಳೂರಿನ ಕಡೆ ಮಳೆಗಾಲದಲ್ಲಿ ಉಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚುವುದು ಒಂದು ಸುದ್ದಿಯೇ ಅಲ್ಲ. ಕಿತ್ತು ಬಿಸಾಡಿ, ಸುಣ್ಣ ಹಚ್ಚಿ, ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಅವತ್ತು ತೋಟದಿಂದ ಬಂದ ನಮ್ಮನೆಯವರ ಪಂಚೆ ಮೊಣಕಾಲಿನಿಂದ ಕೆಳಗೆ ಕೆಂಪಾಗಿತ್ತು. ಸುಣ್ಣ ಹಚ್ಚಿದೆ. ಬಟ್ಟೆ ಕಟ್ಟಿದೆ. ಊಟಕ್ಕೆ ಕೂತಾಗಲೂ ಜಿನುಗುತ್ತಲೇ ಇತ್ತು. ಮಂಗಳೂರಿನಲ್ಲಿ ಅವರ ಹೃದಯಕ್ಕೆ ಲೋಹದ ವಾಲ್ವ್ ಹಾಕಿ ಆಗಿನ್ನೂ ಕೆಲವೇ ತಿಂಗಳು. ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದರು. ಬದುಕಿರುವವರೆಗೂ ದಿನಾ ಸಂಜೆ ನುಂಗಬೇಕು.

ಸುದ್ದಿ ಕೇಳಿ ಭಾವ ಬಂದರು. ನಮ್ಮನೆಯವರ ಅಣ್ಣ. ಊರಿನಲ್ಲಿ ಯಾರಿಗೆ ಏನಾದರೂ ಅವರ ಹತ್ತಿರ ಔಷಧಿ ಇದೆ. ಅದರಿಂದ ವಾಸಿಯಾದವರನ್ನು ಮಾತ್ರ ನಾನು ಇನ್ನೂ ನೋಡಿಲ್ಲ.

"ಆ ಮಾತ್ರೆ ನಿಲ್ಸು ಮಾರಾಯ. ರಕ್ತ ನೀರಾಗಿದೆ. ಬೀಟ್‌ರೂಟ್ ತಿನ್ನು."

"ಬೀಟ್‌ರೂಟ್ ತಿಂದ್ರೆ ವಾಲ್ವ್ ಓಡ್ತದಾ ಭಾವ?"

"ನಿಂಗದೆಲ್ಲ ಗೊತ್ತಾಗಲ್ಲ, ಸುಮ್ನಿರು."

ಗೊತ್ತಾಗದವಳು ಮಾತ್ರೆ ನಿಲ್ಲಿಸಲಿಲ್ಲ.

ಹಾಗೆಯೇ ಕೆಲವು ವರ್ಷ ಚೆನ್ನಾಗಿ ನಡೆಯಿತು. ಮಗಳು ಹೆತ್ತಳು. ಹೆಣ್ಣು ಮಗು! ಅದರ ಕೆನ್ನೆ ನೋಡಿದರೆ ಬೆಣ್ಣೆ ಮುಟ್ಟಲು ನಾಚಿಕೆಯಾಗಬೇಕು. ನಾಮಕರಣಕ್ಕೆ ಮನೆ ತುಂಬ ನೆಂಟರು. ಹಿಂದಿನ ದಿನ ಒಬ್ಬೊಬ್ಬರಿಗೂ ನೂರು ಕೆಲಸ. ನಮ್ಮ ಮಹಾನುಭಾವರು ಮಾತ್ರ ಏಣಿ ಹತ್ತಿದರು. ಕಾಳುಮೆಣಸು ಕೊಯ್ಯಲು ಆಳುಗಳಿದ್ದರು. ಆದರೂ ಬಳ್ಳಿ ಹಬ್ಬಿದ ಸಿಲ್ವರ್ ಮರದ ತುದಿಯಲ್ಲಿ ಉಳಿದ ನಾಲ್ಕು ತೆನೆ ಇವರ ಕಣ್ಣಿಗೇ ಚುಚ್ಚಬೇಕೆ?

ಒಂಟಿ ಬಿದಿರಿನ ಏಣಿ. ಜಾರಿತು.

ಬಹಳ ಎತ್ತರದಿಂದೇನೂ ಬೀಳಲಿಲ್ಲ. ಕಾಫಿ ಗಿಡದ ಬುಡಕ್ಕೆ ತಲೆ ಬಡಿದು ಕಿವಿಯ ಮೇಲೆ ಸಣ್ಣದಾಗಿ ಒಡೆಯಿತು. ನಮ್ಮ ಕಡೆ ಗಾಯ ಅಂದರೆ ಕಾಫಿಪುಡಿ. ಒಂದು ಹಿಡಿ ಪುಡಿ ಒತ್ತಿ, ಹೆಗಲ ಮೇಲಿನ ಬೈರಾಸಿನಲ್ಲಿ ಬಿಗಿಯಾಗಿ ಕಟ್ಟಿದರು. ರಕ್ತ ನಿಂತಿತು. ಎಲ್ಲರೂ ನಕ್ಕರು. ಮುಂಡಾಸು ಕಟ್ಟಿದ ಹಾಗಿದೆ, ಮದುಮಗ ಮದುಮಗ ಅಂತ ತಮಾಷೆ ಬೇರೆ.

"ಮೂಡಿಗೆರೆಗೆ ಹೋಗಿ ತೋರಿಸಿಕೊಂಡು ಬರೋಣ" ಅಂದೆ.

"ಉಂಬಳ ಕಚ್ಚಿದಾಗ ದಿನವಿಡೀ ನಿಲ್ಲದ್ದು ಈಗ ಕೂಡ್ಲೇ ನಿಂತಿದೆ" ಅಂದರು ಭಾವ. "ರಕ್ತ ಗಟ್ಟಿಯಾಗಿದೆ ಅಂತ ಅರ್ಥ. ನಾಳೆ ಶುಭಕಾರ್ಯ, ಇವತ್ತು ಆಸ್ಪತ್ರೆ ಅಂತೀಯಲ್ಲ!"

"ನಂಗೇನೂ ಆಗಿಲ್ಲ ಮಾರಾಯ್ತಿ" ಅಂದರು ಇವರೂ. ಅಣ್ಣತಮ್ಮಂದಿರ ಬುದ್ಧಿ ಒಂದೇ ಬುಟ್ಟಿಯದು.

ನಾಮಕರಣದ ದಿನ ತಲೆನೋವು ಅಂತ ಮೂಲೆಯಲ್ಲಿ ಕೂತರು. ಭಾವ ಅಂಗಡಿಯಿಂದ ತಲೆನೋವಿನ ಮಾತ್ರೆ ತಂದು ನುಂಗಿಸಿದರು. ಆ ಜಾತಿಯ ಮಾತ್ರೆಯೂ ರಕ್ತ ನಿಲ್ಲಗೊಡುವುದಿಲ್ಲವಂತೆ. ಆಮೇಲೆ ಡಾಕ್ಟರು ಹೇಳಿದ್ದು.

ಮರುದಿನ ಆಳುಗಳು ಅಂಗಳದಲ್ಲಿ ಚಾಪೆ ಹಾಸಿ ಮೆಣಸು ತುಳಿಯುತ್ತಿದ್ದರು. ತೆನೆಯಿಂದ ಕಾಳು ಬಿಡಿಸಲು ಕಾಲಿನಲ್ಲೇ ತುಳಿಯಬೇಕು. ಬೇಡ ಅಂದರೂ ಇವರು ಇಳಿದರು. ಆಳುಗಳು ತುಳಿದ ಮೆಣಸನ್ನು ಬಾಚಿ ಮೊರಕ್ಕೆ ತುಂಬಿಕೊಂಡು ಹೋದರು. ಇವರು ತುಳಿಯುತ್ತಲೇ ಇದ್ದರು.

"ಮಾವ ಡ್ಯಾನ್ಸ್ ಮಾಡ್ತಿದ್ದಾರೆ ನೋಡಿ!" ಅಂತ ಯಾರೋ ಕೂಗಿದರು. ಜಗಲಿಯಲ್ಲಿ ನಗು.

ಚಾಪೆಯ ಮೇಲೆ ಒಂದು ಕಾಳೂ ಇರಲಿಲ್ಲ.

ಹತ್ತಿರ ಹೋಗಿ ಕೈ ಹಿಡಿದೆ. ನನ್ನ ಮುಖ ನೋಡಿದರು, ಗುರುತಿನ ಕಳೆಯೇ ಇಲ್ಲ. ಬಾಯಿಯ ಒಂದು ಬದಿ ಜೋತಿತ್ತು. ಆಗ ನಾನು ಕಿರುಚಿದ್ದು ಕಳಸ ಪೇಟೆಯವರೆಗೂ ಕೇಳಿಸಿರಬೇಕು. ಜೀಪು ಬಂತು. ಚಾರ್ಮಾಡಿ ಘಾಟಿಯ ಪ್ರತಿ ತಿರುವಿನಲ್ಲೂ ಅವರ ತಲೆಯನ್ನು ಎದೆಗೆ ಒತ್ತಿ ಹಿಡಿದಿದ್ದೆ. ಮುಂದಿನ ಸೀಟಿನಲ್ಲಿ ಭಾವ. ಪಿತ್ತ ನೆತ್ತಿಗೇರಿದ್ದು ಅಂತ ದಾರಿಯುದ್ದಕ್ಕೂ ಹೇಳುತ್ತಿದ್ದರು.

ಮಂಗಳೂರಿನ ಕ್ಯಾಶುವಾಲಿಟಿಯಲ್ಲಿ ಡಾಕ್ಟರು ಕೇಳಿದರು. "ಯಾವ ಮಾತ್ರೆ ತಗೊಳ್ತಾರೆ?"

"ಬೀಪೀದು ಡಾಕ್ಟ್ರೇ" ಅಂದರು ಭಾವ. "ಬಿದ್ದದ್ದೂ ಸ್ವಲ್ಪವೇ. ರಕ್ತ ಅಲ್ಲೇ ನಿಂತಿತ್ತು."

ಅವರನ್ನು ಪಕ್ಕಕ್ಕೆ ತಳ್ಳಿದೆ. ಗಂಡನ ಅಣ್ಣನನ್ನು ಮುಟ್ಟಿದ್ದು ಅದೇ ಮೊದಲು. ಇವರ ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲಿನ ಉದ್ದ ಕಲೆ ತೋರಿಸಿದೆ.

"ಒಳಗೆ ಲೋಹದ ವಾಲ್ವ್ ಇದೆ ಸಾರ್. ದಿನಾ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರೆ."

ಆಮೇಲೆ ಅಲ್ಲಿ ಯಾರೂ ನಡೆಯಲಿಲ್ಲ, ಓಡಿದರು. ಸಿ.ಟಿ. ಸ್ಕ್ಯಾನ್ ಮಾಡಿದರು.

ರಕ್ತ ನಿಂತಿರಲೇ ಇಲ್ಲ. ತಲೆಬುರುಡೆಯ ಒಳಗೆ ಸೇರುತ್ತಿತ್ತು.

"ಅಮ್ಮ, ಮಾತ್ರೆಯ ಎಫೆಕ್ಟ್ ಇಳಿಸದೆ ಆಪರೇಷನ್ ಮಾಡೋಕಾಗಲ್ಲ" ಅಂದರು ಡಾಕ್ಟರು. "ಇಳಿಸಿದ್ರೆ ವಾಲ್ವಿನಲ್ಲಿ ರಕ್ತ ಗಟ್ಟಿಯಾಗೋ ಭಯ. ಆದ್ರೂ ಈಗ ತಲೆ ಮೊದಲು."

"ತೆರೆದು ನೋಡಿ ಸಾರ್. ಒಳಗೆ ಬುದ್ಧಿ ಇದ್ಯಾ ಅಂತ ನಂಗೂ ನೋಡ್ಬೇಕು" ಅಂದೆ. ಅಂದ ಮೇಲೆ ಅತ್ತುಬಿಟ್ಟೆ.

ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರು. ಪ್ಲಾಸ್ಮಾದ ಚೀಲಗಳನ್ನು ಏರಿಸಿದರು. ಬ್ಲಡ್ ಬ್ಯಾಂಕಿನವರು ಬಂದು ನೆಂಟರಲ್ಲಿ ಯಾರಾದರೂ ರಕ್ತ ಕೊಡಿ ಅಂದರು. ಇನ್ನೊಂದು ಗಾಡಿಯಲ್ಲಿ ಹಿಂದೆಯೇ ಬಂದು, ಅಷ್ಟು ಹೊತ್ತು ಕಾರಿಡಾರ್ ತುಂಬ ಸಲಹೆ ಕೊಡುತ್ತಿದ್ದ ಗಂಡಸರಿಗೆಲ್ಲ ಒಮ್ಮೆಲೇ ಕಾಯಿಲೆ ಬಂತು. ಒಬ್ಬನಿಗೆ ಸೊಂಟ ನೋವು. ಇನ್ನೊಬ್ಬನಿಗೆ ತಲೆ ಸುತ್ತು. ಭಾವನಿಗೆ ಶುಗರ್. ನಾಮಕರಣದ ಹೋಳಿಗೆಯನ್ನು ಎಲೆ ತುಂಬ ಬಡಿಸಿಕೊಂಡು ತಿಂದಿದ್ದ ಶುಗರ್! ರಕ್ತ ಕೊಟ್ಟವರು ಅಳಿಯ ಮತ್ತು ಜೀಪಿನ ಡ್ರೈವರ್.

ಆಪರೇಷನ್ ಥಿಯೇಟರಿನ ಹೊರಗೆ ಕೂತು ಯೋಚಿಸಿದೆ. ನಾನು ಓದಿದ್ದು ಕಡಿಮೆ, ಬೈಯಲು ಬರುವಷ್ಟು ಬೇರೇನೂ ಬರುವುದಿಲ್ಲ. ಆದರೆ ಆ ಮಾತ್ರೆಯನ್ನು ಬೈಯಲು ಮನಸ್ಸಾಗಲಿಲ್ಲ, ಏಕೆಂದರೆ ಅದು ಇಲ್ಲದಿದ್ದರೆ ಇವರು ಮೊಮ್ಮಗಳ ಮುಖ ನೋಡುವವರೆಗೂ ಬದುಕುತ್ತಲೇ ಇರಲಿಲ್ಲ. ಮನೆಯಲ್ಲಿ ಕತ್ತಿ ಇದೆ. ಯಾರದೋ ಕೈ ಕೊಯ್ದರೆ ಕತ್ತಿಯನ್ನು ಹೊಳೆಗೆ ಎಸೆಯುತ್ತೇವೆಯೇ? ಕತ್ತಿ ಇರುವ ಮನೆಯ ಎಚ್ಚರ ಬೇಕು, ಅಷ್ಟೇ. ಈ ಮಾತ್ರೆ ನುಂಗುವವರ ತಲೆಗೆ ಸಣ್ಣ ಪೆಟ್ಟಾದರೂ ತಕ್ಷಣ ಸ್ಕ್ಯಾನ್ ಮಾಡಿಸಬೇಕಂತೆ. ಹೊರಗೆ ರಕ್ತ ನಿಂತಿತೋ ಇಲ್ಲವೋ ಎಂಬುದು ಲೆಕ್ಕಕ್ಕೇ ಇಲ್ಲವಂತೆ. ಕಾಫಿಪುಡಿ ಚರ್ಮಕ್ಕೆ, ತಲೆಬುರುಡೆಯ ಒಳಗಲ್ಲ.

ಬದುಕಿದರು.

ಐಸಿಯುನಲ್ಲಿ ಕಣ್ಣು ಬಿಟ್ಟವರು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ನನ್ನ ಹೆಸರು ಹೇಳಿದರು. ಮದುವೆಯಾದಾಗಿನಿಂದ "ಏ", "ಇವಳೇ" ಬಿಟ್ಟು ಬೇರೆ ಕರೆದವರಲ್ಲ. ನರ್ಸಮ್ಮನನ್ನು ತಬ್ಬಿಕೊಂಡೆ. ಅವಳ ಟೋಪಿಯೇ ಬಿತ್ತು. ಸ್ವಲ್ಪ ದಿನ ಬಿಟ್ಟು, ಅಳೆದು ಸುರಿದು, ಡಾಕ್ಟರು ಮತ್ತೆ ಮಾತ್ರೆ ಶುರು ಮಾಡಿಸಿದರು. ಎಡಗೈಯ ಹಿಡಿತ ಇನ್ನೂ ಸಡಿಲ. ಪೂರ್ತಿ ಬರುತ್ತದೆಯೋ ಇಲ್ಲವೋ, ಯಾರೂ ಮಾತು ಕೊಟ್ಟಿಲ್ಲ. ಲೋಟ ಬಿದ್ದರೆ ಬೀಳಲಿ.

ಮನೆಗೆ ಬಂದ ವಾರ ಭಾವ ನೋಡಲು ಬಂದರು. "ಇವನು ಬಿದ್ದ ದಿನವೇ ನಾನು ಹೇಳಿದ್ದೆ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ" ಅಂತ ನೆರೆಯವರ ಮುಂದೆ ಹೇಳಿದರು. ನಾನು ಬಕೆಟ್ಟು ಎತ್ತಿಕೊಂಡು ಬಚ್ಚಲಿಗೆ ಹೋದೆ. ಅಂಥವರಿಗೆ ಮಾತು ಖರ್ಚು ಮಾಡುವುದಕ್ಕಿಂತ ಮಗುವಿನ ಬಟ್ಟೆ ಒಗೆಯುವುದು ಲೇಸು.

ನಿನ್ನೆ ಮೊಮ್ಮಗಳು ಅಜ್ಜನ ಮಡಿಲಲ್ಲಿ ಆಡುತ್ತಾ ಅವರ ಕೆನ್ನೆ ಪರಚಿದಳು. ಒಂದು ಹನಿ ರಕ್ತ ಬಂತು. ಸೆರಗು ಒತ್ತಿ ಹಿಡಿದೆ. ನಿಂತಿತು. ನಿಂತರೂ ನಾನು ಬಿಡಲಿಲ್ಲ.

"ಈ ಮಗುವಿನ ಹೆಸರೇನು, ಹೇಳಿ" ಅಂದೆ. "ನಾನು ಯಾರು? ಇವತ್ತು ಯಾವ ವಾರ?"

"ಕೆನ್ನೆ ಕೆರೆದದ್ದಕ್ಕೆ ಪರೀಕ್ಷೆ ಬೇರೆ! ನಿಂಗೆ ಪೂರ್ತಿ ತಲೆ ಕೆಟ್ಟಿದೆ. ಸೆರಗು ತೆಗೀ ಮಾರಾಯ್ತಿ, ಉಸಿರು ಕಟ್ತದೆ!"

ಒಂದಕ್ಷರವೂ ತೊದಲಲಿಲ್ಲ.