ಬಣ್ಣ ಕಲಸುವ ಮಾವ

ನನ್ನ ಸೋದರಮಾವ ಗೋಡೆಗೆ ಬಣ್ಣ ಹೊಡೆಯುವವರು. ಹೊಡೆಯುವುದಕ್ಕಿಂತ ಕಲಸುವುದರಲ್ಲಿ ಎತ್ತಿದ ಕೈ. ಬಿಸಿಲಿಗೆ ಮಾಸಿದ ಗೋಡೆಯ ಮೂಲೆ ಕಿತ್ತುಹೋಗಿದ್ದರೆ, ಅದೇ ಮಾಸಲು ಬಣ್ಣವನ್ನು ಡಬ್ಬಿಯಲ್ಲಿ ಕಲಸಿ, ಬೆರಳದ್ದಿ ಮುಂಗೈ ಮೇಲೆ ಎಳೆದು ನೋಡಿ ಹಚ್ಚುತ್ತಿದ್ದರು. ತೇಪೆ ಎಲ್ಲಿದೆ ಎಂದು ಮನೆಯವರೇ ಹುಡುಕಬೇಕು. ಅಂಗಡಿಯ ಬಣ್ಣದ ಪಟ್ಟಿ ಅವರಿಗೆ ಲೆಕ್ಕಕ್ಕೇ ಇಲ್ಲ. ಈ ಜಂಭಕ್ಕೆ ಅತ್ತೆ ಇಟ್ಟ ಹೆಸರು ‘ಕಣ್ಣಿನ ಸಾಹೇಬರು’.

ಇತ್ತೀಚೆಗೆ ಮಾತ್ರ ಎರಡು ಮನೆಗಳಲ್ಲಿ ತೇಪೆ ಎದ್ದು ಕಂಡಿತು. ಮಾವ ಕಂಪನಿಯ ಡಬ್ಬಿಯನ್ನು ಬೈದರು. ನಾವೂ ದನಿಗೂಡಿಸಿದೆವು.

ಮೊನ್ನೆ ಭಾನುವಾರ ಅವರನ್ನು ಕಲಾ ಗ್ಯಾಲರಿಗೆ ಎಳೆದುಕೊಂಡು ಹೋದೆ. ನನಗೂ ಈ ಆಧುನಿಕ ಚಿತ್ರಗಳು ಅಷ್ಟಕ್ಕಷ್ಟೇ. ಮಾವನ ಟೀಕೆ ಕೇಳುವ ಚಪಲ, ಅಷ್ಟೇ. ಒಳಗೆ ಕಾಲಿಟ್ಟವರೇ ಚಿತ್ರ ಬಿಟ್ಟು ಗೋಡೆ ಸವರಿ, “ಎರಡೇ ಕೋಟು. ಪುಟ್ಟಿ ಸರಿಯಾಗಿ ಉಜ್ಜಿಲ್ಲ” ಎಂದರು.

ಎರಡನೇ ಕೋಣೆಯಲ್ಲಿ ಆಳೆತ್ತರದ ಒಂದು ಚಿತ್ರ. ಎಡಕ್ಕೆ ದಟ್ಟ ನೀಲಿ, ಬಲಕ್ಕೆ ಕಡು ಹಸಿರು. ಮನೆಯಿಲ್ಲ, ಮರವಿಲ್ಲ, ಮನುಷ್ಯರಿಲ್ಲ.

“ಇಷ್ಟು ದೊಡ್ಡ ಬಟ್ಟೆಗೆ ಒಂದೇ ಬಣ್ಣ ಬಳಿದು ಕೈ ತೊಳ್ಕೊಂಡಿದಾನಲ್ಲ” ಎಂದರು ಮಾವ.

ನಾನು ನಕ್ಕೆ. “ಸರಿಯಾಗಿ ನೋಡಿ ಮಾವ. ಅರ್ಧ ನೀಲಿ, ಅರ್ಧ ಹಸಿರು.”

ಅವರು ನಗಲಿಲ್ಲ. ಹತ್ತಿರ ಹೋದರು, ಇನ್ನೂ ಹತ್ತಿರ ಹೋದರು. ಕಾವಲಿನ ಹೆಂಗಸು “ಸ್ವಲ್ಪ ಹಿಂದೆ ನಿಲ್ಲಿ ಸರ್” ಎಂದ ಮೇಲೆ ಬಂದು ಬೆಂಚಿನ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ.

“ಎಷ್ಟು ದಿನದಿಂದ ಹೀಗೆ?”

“ಒಂದು ವರ್ಷ ಆಗಿರಬೇಕು. ಹೊರಗಡೆ ಹೇಗೋ ನಡೀತಿತ್ತು. ಎಲೆ ಅಂದ್ರೆ ಹಸಿರು, ಆಕಾಶ ಅಂದ್ರೆ ನೀಲಿ. ಕಣ್ಣು ಹೇಳದೇ ಇದ್ರೂ ನಾನೇ ಹೇಳ್ಕೊಳ್ತಿದ್ದೆ. ಇಲ್ಲಿ ಎಲೆನೂ ಇಲ್ಲ, ಆಕಾಶಾನೂ ಇಲ್ಲ. ಏನ್ ನೋಡ್ಕೊಂಡು ಹೇಳ್ಲಿ?”

“ಡಾಕ್ಟರಿಗೆ ತೋರಿಸೋಣ ಮಾವ.”

“ತೋರಿಸಿದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಆಮೇಲೆ ನನ್ನನ್ನ ಯಾರು ಕರೀತಾರೆ?”

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ವರ್ಷವಿಡೀ ಗಮನಿಸದ ನಮ್ಮ ಮೇಲೆ.

ಸ್ವಲ್ಪ ಹೊತ್ತಿನ ಮೇಲೆ ಮಾವನೇ ಎದ್ದು ಮುಂದಿನ ಚಿತ್ರಕ್ಕೆ ಕೈ ತೋರಿಸಿದರು. “ಇದು?”

“ಹಸಿರು.”

“ಎಂಥ ಹಸಿರು?”

“ಹಸಿರು ಅಂದ್ರೆ ಹಸಿರು ಮಾವ.”

“ಹಾಗಂದ್ರೆ ಯಾವ ಗೋಡೆಗೂ ಹೊಂದಲ್ಲ ಕಣೆ. ಹಳದಿ ಜಾಸ್ತಿನಾ, ಕಪ್ಪು ಜಾಸ್ತಿನಾ?”

ತಡವರಿಸುತ್ತಾ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು, ಗಾಳಿಯಲ್ಲಿ ಬೆರಳು ತಿರುಗಿಸುತ್ತಾ ತಲೆಯೊಳಗೇ ಕಲಸಿಕೊಂಡರು. “ಚೆನ್ನಾಗಿದೆ” ಎಂದರು. ಹೀಗೆ ಉಳಿದ ಚಿತ್ರಗಳನ್ನೆಲ್ಲ ನೋಡಿದೆವು. ನಾನಂತೂ ಬಣ್ಣಗಳನ್ನು ಅಷ್ಟು ಕಷ್ಟಪಟ್ಟು ಎಂದೂ ನೋಡಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ನಿಂತು ಫೋನ್ ತೆಗೆದರು. ಅವರಿಗೆ ಕೆಲಸ ಕೊಡುವ ಮೇಸ್ತ್ರಿಗೆ ಕರೆ ಮಾಡಿದರು.

“ಮೇಸ್ತ್ರಿ, ನಾಳೆ ಬಣ್ಣ ಕಲಸೋಕೆ ಬೇರೆಯವರನ್ನ ನೋಡಿ. ನಂಗೆ ನೀಲಿ ಯಾವುದು, ಹಸಿರು ಯಾವುದು ಗೊತ್ತಾಗ್ತಿಲ್ಲ.” ಫೋನನ್ನು ಇನ್ನೊಂದು ಕಿವಿಗೆ ಹಿಡಿದರು. “ಅವರು ಕಲಸಿಕೊಟ್ರೆ, ಹೊಡೆಯೋಕೆ ನಾನು ಬರ್ತೀನಿ.”